ದುರಗಮ್ಮ ಗುಡ್ಡ ಇಳಿದು ಬಂದದ್ದು

ದುರಗಮ್ಮನನ್ನು ತಿರುಗಾಡಲು ಬಾ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ. ಗೋಗಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ದೋರನಹಳ್ಳಿಗೆ ಸೊಸೆಯಾಗಿ ಬಂದವಳು. ವಯಸ್ಸು ಐವತ್ತೆರಡು. ಹದಿನಾಲ್ಕು ವರ್ಷದಿಂದ ಊರಾಚೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಕುದಿಯುವ ಬೇಳೆಯ ಡಬರಿಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ಹೊಗಳಿದರೆ ನಗುತ್ತಿರಲಿಲ್ಲ, ಬೈದರೆ ತಿರುಗಿ ಮಾತಾಡುತ್ತಿರಲಿಲ್ಲ. ಹಾಗಾಗಿ ಮಾಘದ ಒಂದು ಶನಿವಾರ ಪಾತ್ರೆ ತೊಳೆಯುವಾಗ ಮುಖ್ಯ ಅಡುಗೆಯ ಭೀಮಮ್ಮ, ನಾಳೆ ಶಹಾಪುರದ ಗುಡ್ಡ ಹತ್ತಿ ಬರೋಣ, ಹೊಗೆಯಲ್ಲೇ ಜನ್ಮ ಕಳೆಯಿತು, ನೀನೂ ಬಾ ಎಂದಾಗ, ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. ತಲೆಯಾಡಿಸಿದಳು.

ಆ ಅಡುಗೆ ಕೋಣೆಯಲ್ಲಿ ಇದ್ದವರು ಮೂವರು. ಭೀಮಮ್ಮ, ದುರಗಮ್ಮ, ಮತ್ತೆ ಮೂರು ವರ್ಷದ ಹಿಂದೆ ಸೇರಿದ ಲಕ್ಷ್ಮಿ. ಲಕ್ಷ್ಮಿ ಭೀಮಮ್ಮನ ತಂಗಿಯ ಮಗಳು. ಮಕ್ಕಳ ಸಂಖ್ಯೆ ಇಳಿದಿದೆ, ಜೂನ್‌ನಿಂದ ಇಬ್ಬರೇ ಸಾಕು ಎಂದು ಮೇಲಿನಿಂದ ಕಾಗದ ಬಂದಿತ್ತು. ತಾವಾಗಿಯೇ ಬಿಡುವವರಿದ್ದರೆ ಬರೆದುಕೊಡಿ, ಇಲ್ಲದಿದ್ದರೆ ಕೊನೆಗೆ ಸೇರಿದವರು ಹೋಗಬೇಕಾಗುತ್ತದೆ ಎಂದು ಹೆಡ್ಮಾಸ್ತರ್ ಬಸವಂತ್ರಾಯರು ಮೂವರನ್ನೂ ನಿಲ್ಲಿಸಿ ಹೇಳಿದ್ದರು. ದುರಗಮ್ಮ ಆ ಮಾತನ್ನೂ ಈ ಗುಡ್ಡವನ್ನೂ ಕೂಡಿಸಿ ನೋಡಲಿಲ್ಲ. ಭಾನುವಾರ ನಸುಕಿನ ನಾಲ್ಕಕ್ಕೇ ಎದ್ದು ಮೂವರಿಗಾಗುವಷ್ಟು ರೊಟ್ಟಿ ತಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಳು. ಚಳಿ ಶುರುವಾದಾಗಿನಿಂದ ಬಾತಿದ್ದ ಎಡ ಮೊಣಕಾಲಿಗೆ ಔಡಲ ಎಲೆ ಬಿಸಿ ಮಾಡಿ ಸುತ್ತಿ, ಮೇಲೆ ಬಟ್ಟೆ ಬಿಗಿದಳು. ಆ ಕಾಲಿನ ಸಂಗತಿ ಗಂಡ ಮರಿಲಿಂಗನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಭೀಮಮ್ಮ ಒಬ್ಬಳೇ. ಅಕ್ಕಿ ಚೀಲದ ಮರೆಯಲ್ಲಿ ಕೂತು ಕಾಲು ನೀವಿಕೊಳ್ಳುವಾಗ ಅವಳು ಒಮ್ಮೆ ಕಂಡಿದ್ದಳು.

ಟಂಟಂ ಆಟೋ ಇಳಿದು ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ಅರ್ಧ ತಾಸಿನ ದಾರಿ, ಮೇಲೆ ಹೊಂಡದಲ್ಲಿ ನೀರಿದೆ ಎಂದಳು ಭೀಮಮ್ಮ. ಹಾಗಾಗಿ ಇದ್ದದ್ದು ಒಂದೇ ಬಾಟಲಿ. ಅದು ಲಕ್ಷ್ಮಿಯ ಚೀಲದಲ್ಲಿತ್ತು.

ದಾರಿ ಎನ್ನುವುದು ಮೊದಲ ತಿರುವಿಗೇ ಮುಗಿಯಿತು. ಆಮೇಲೆ ಬರೀ ಬಂಡೆ. ಒಂದನ್ನು ಹತ್ತಿದರೆ ಅದರಾಚೆ ಮತ್ತೊಂದು. ಕಲ್ಲು ಆಗಲೇ ಕಾದಿತ್ತು. ಅಂಗೈ ಊರಿದರೆ ಹಂಚಿನ ಮೇಲೆ ಇಟ್ಟಂತೆ. ಸಂದುಗಳಲ್ಲಿ ಒಣಹುಲ್ಲು ಕಾಲನ್ನು ಜಾರಿಸುತ್ತಿತ್ತು. ಜಾಲಿ ಸೆರಗು ಹಿಡಿದೆಳೆಯುತ್ತಿತ್ತು. ದುರಗಮ್ಮ ಬಲಗಾಲಲ್ಲಿ ಹತ್ತಿ ಎಡಗಾಲನ್ನು ಕೈಯಿಂದ ಎತ್ತಿಟ್ಟುಕೊಳ್ಳುತ್ತಿದ್ದಳು. ಉಳಿದಿಬ್ಬರು ಮೇಲೆ ಹೋಗಿ ನಿಲ್ಲುವರು, ಇವಳು ಹತ್ತಿರ ಬರುವುದನ್ನೇ ಕಾದು, ಬಂದ ಕೂಡಲೇ ಹೊರಡುವರು. ಕೂರಲು ಅವಳಿಗೆ ಸಮಯವೇ ಸಿಗಲಿಲ್ಲ. ನೀರು ಕೇಳಿದರೆ ಮೇಲೆ ಕುಡಿಯೋಣ ಎಂದರು. ಲಕ್ಷ್ಮಿ ಅವಳು ಏದುಸಿರು ಬಿಡುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಯಾಕೆ ಎಂದು ಕೇಳಿದರೆ, ಸುಮ್ಮನೆ, ನೆನಪಿಗೆ ಎಂದಳು.

ಎರಡು ತಾಸಾದರೂ ತುದಿ ಬರಲಿಲ್ಲ. ಭೀಮಮ್ಮ ಮೇಲಿನ ಬಂಡೆಯಿಂದ ಬಗ್ಗಿ ಕೇಳಿದಳು:

"ದುರಗವ್ವ, ಆಗಂಗಿಲ್ಲಂದ್ರ ಹೇಳಿಬಿಡು. ನಾಚಿಕಿ ಏನೈತಿ?"

ಅದು ಐದನೇ ಸಲವೋ ಆರನೇ ಸಲವೋ. ಧ್ವನಿಯಲ್ಲಿ ಕನಿಕರವಿರಲಿಲ್ಲ, ಅವಸರವಿತ್ತು. ದುರಗಮ್ಮನಿಗೆ ಏನೋ ಸರಿಯಿಲ್ಲ ಎನಿಸಿದ್ದು ಆಗಲೇ. ಆಗುತ್ತದೆ ಎಂದಷ್ಟೇ ಹೇಳಿ ಹತ್ತಿದಳು. ಅಲ್ಲಿಂದ ಮೇಲೆ ಅವಳನ್ನು ಏರಿಸಿದ್ದು ಕಾಲಲ್ಲ, ಸಿಟ್ಟು.

ಮೇಲೆ ಹೊಂಡ ಇತ್ತು. ತಳದಲ್ಲಿ ಒಣಗಿ ಸೀಳಿದ ಕೆಸರು, ಎರಡು ಸತ್ತ ಏಡಿ. ಭೀಮಮ್ಮ ಅದರ ಕಡೆ ನೋಡಲೂ ಇಲ್ಲ. ಬಂಡೆಯ ಮರೆಗೆ ಕೂತು ದುರಗಮ್ಮ ತಂದ ರೊಟ್ಟಿ ಬಿಚ್ಚಿ ತಿಂದರು. ತಿಂದ ಮೇಲೆ ಭೀಮಮ್ಮ ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದಳು. ಜೊತೆಗೆ ಶಾಲೆಯ ಹೆಬ್ಬೆಟ್ಟಿನ ಮಸಿ ಡಬ್ಬಿ.

ದುರಗಮ್ಮ ಪ್ರತಿ ತಿಂಗಳು ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದನ್ನು ಭೀಮಮ್ಮ ಪಕ್ಕದಲ್ಲೇ ನಿಂತು ಹದಿನಾಲ್ಕು ವರ್ಷ ನೋಡಿದ್ದಳು. ಆದರೂ ಮಸಿ ತಂದಿದ್ದಳು. ದುರಗಮ್ಮ ಹಾಳೆ ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ನನಗೆ ವಯಸ್ಸಾಗಿದೆ. ಮೊಣಕಾಲು ನೋವಿನಿಂದ ಭಾರ ಎತ್ತಲು ಆಗುವುದಿಲ್ಲ. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಕೆಳಗೆ ಅವಳ ಹೆಸರು.

"ನಿನ್ನ ಕಾಲು ನೀನಽ ನೋಡ್ದಿ ಇವತ್ತ," ಎಂದಳು ಭೀಮಮ್ಮ. "ನಾಳೆ ಡಬರಿ ಕೈಜಾರಿ ಹುಡುಗ್ರ ಮ್ಯಾಲ ಬಿದ್ರ ಯಾರು ಜವಾಬು? ಲಕ್ಷ್ಮಿ ಸಣ್ಣಾಕಿ. ಆಕಿಗೆ ಗಂಡ ಇದ್ದೂ ಇಲ್ದಂಗ."

ಲಕ್ಷ್ಮಿ ಮೊಬೈಲು ಕೆಳಗಿಟ್ಟು ಬೇರೆ ಕಡೆ ನೋಡುತ್ತಿದ್ದಳು.

ದುರಗಮ್ಮ ಹಾಳೆ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಕೊಡು ಎಂದಳು ಭೀಮಮ್ಮ. ಕೊಡುವುದಿಲ್ಲ ಎಂದಳು ಇವಳು. ಭೀಮಮ್ಮ ಕೈ ಚಾಚಿದಾಗ ದುರಗಮ್ಮ ಆ ಮಣಿಕಟ್ಟನ್ನು ಹಿಡಿದಳು. ಡಬರಿ ಇಳಿಸುವ ಕೈ. ಭೀಮಮ್ಮನ ಮುಖ ಬಿಳುಚಿಕೊಳ್ಳುವವರೆಗೆ ಬಿಡಲಿಲ್ಲ.

"ಬರಾಕಿದ್ರ ಬಾ. ಇಲ್ಲಂದ್ರ ಇಲ್ಲೇ ಕುಂದ್ರು," ಎಂದು ಭೀಮಮ್ಮ ಎದ್ದಳು. ಇಬ್ಬರೂ ಹತ್ತಿ ಬಂದ ಬಂಡೆಗಳ ಕಡೆ ಇಳಿದರು. ಬಾಟಲಿಯಲ್ಲಿ ಇನ್ನೂ ನೀರಿತ್ತು. ಲಕ್ಷ್ಮಿ ಒಮ್ಮೆ ತಿರುಗಿ ನೋಡಿದಳು. ಚೀಲಕ್ಕೆ ಕೈ ಹಾಕಿದಳು. ಮತ್ತೆ ಹೊರಟಳು.

ಆ ಕಡಿದಾದ ಕಲ್ಲಿನಲ್ಲಿ ಈ ಕಾಲಿನಿಂದ ಇಳಿಯುವುದು ಸಾಧ್ಯವಿರಲಿಲ್ಲ. ದುರಗಮ್ಮ ಕೂತಲ್ಲೇ ಬಹಳ ಹೊತ್ತು ಬೈದಳು. ಭೀಮಮ್ಮನನ್ನು, ಅವಳ ಹಿಂದಿನವರನ್ನು, ಗುಡ್ಡವನ್ನು, ಕರೆದರೆಂದು ಹಿಗ್ಗಿ ನಾಲ್ಕಕ್ಕೇ ಎದ್ದ ತನ್ನನ್ನು. ನಾಲಿಗೆ ಒಣಗಿದ ಮೇಲೆ ಸುತ್ತ ನೋಡಿದಳು. ಗುಡ್ಡದ ಇನ್ನೊಂದು ಮಗ್ಗುಲಿನ ಜಾಲಿ ಮುಳ್ಳಿಗೆ ಕರಿ ಉಣ್ಣೆಯ ಎಳೆ ಅಂಟಿಕೊಂಡಿತ್ತು. ಸ್ವಲ್ಪ ಕೆಳಗೆ ಇನ್ನೊಂದು. ಅವಳಪ್ಪ ಕುರಿ ಹಿಂಡಿನ ಹಿಂದೆ ಹೋಗುವಾಗ ಹೇಳುತ್ತಿದ್ದ, ಆಡು ಎಲ್ಲಿ ಬೇಕಾದರೂ ಹತ್ತುತ್ತದೆ, ಅದನ್ನು ನಂಬಬೇಡ, ಕುರಿ ಮಾತ್ರ ಇಳಿಜಾರು ನೋಡಿಯೇ ಕಾಲಿಡುತ್ತದೆ ಎಂದು. ಆಡಿಗೆ ಉಣ್ಣೆ ಇಲ್ಲ. ಇದು ಕುರಿಯ ದಾರಿ.

ಒಂದು ಮುಳ್ಳಿನಿಂದ ಇನ್ನೊಂದು ಮುಳ್ಳಿಗೆ ಕಣ್ಣು ನೆಟ್ಟು ಇಳಿದಳು. ನಡೆಯಲಾಗದ ಕಡೆ ಕೂತು ಜಾರಿದಳು. ಸೀರೆ ಹಿಂದೆ ಹರಿಯಿತು, ಮೊಣಕೈ ಸುಲಿಯಿತು. ಎಲೆ ಸುತ್ತಿದ ಬಟ್ಟೆ ಎಲ್ಲೋ ಬಿಚ್ಚಿ ಬಿತ್ತು. ದಾರಿ ಗುಡ್ಡವನ್ನೇ ಬಳಸಿ ಹೋಗಿ, ಸುರಪುರದ ರಸ್ತೆ ಕಾಣುವಾಗ ಹೊತ್ತು ಇಳಿದಿತ್ತು. ಹೊಲದಂಚಿನ ಮನೆಯೊಂದರ ಅಂಗಳದಲ್ಲಿ ಮದೀನಾಬೀ ಎಂಬ ಮುದುಕಿ ಮೆಣಸಿನಕಾಯಿ ಗುಡ್ಡೆ ಮಾಡುತ್ತಿದ್ದಳು. ಕೇಳುವ ಮೊದಲೇ ಚೊಂಬು ತಂದಳು. ಇವಳು ಮೂರು ಚೊಂಬು ಕುಡಿದ ಮೇಲೆ, ಒಬ್ಬಳೇ ಬಂದೆಯಾ ತಾಯಿ ಎಂದು ಕೇಳಿದಳು.

"ಗೆಳತ್ಯಾರ ಸಂಗಟ ಬಂದಿದ್ನಿ," ಎಂದಳು ದುರಗಮ್ಮ.

ರಸ್ತೆಯಲ್ಲಿ ಟಂಟಂ ಹಿಡಿದು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮರಿಲಿಂಗ ಹೊಸ್ತಿಲಲ್ಲೇ ನಿಂತಿದ್ದ. ಸಂಜೆ ಭೀಮಮ್ಮನ ಮನೆಗೆ ಹೋಗಿ ಕೇಳಿದ್ದನಂತೆ. ಆಮೇಲಿನ ಟಂಟಂನಲ್ಲಿ ಬರುತ್ತಾಳೆ ಎಂದು ಒಳಗಿನಿಂದಲೇ ಹೇಳಿದಳಂತೆ. ಗುಡ್ಡದ ಮೇಲೆ ಬಿಟ್ಟು ಬಂದ ಸಂಗತಿಯನ್ನು ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಅದನ್ನು ಕೇಳಿದ ಮೇಲೆ ದುರಗಮ್ಮನಲ್ಲಿ ಉಳಿದಿದ್ದ ಅಷ್ಟಿಷ್ಟು ದಾಕ್ಷಿಣ್ಯವೂ ಹೋಯಿತು.

ಸೋಮವಾರ ಪ್ರಾರ್ಥನೆಗೆ ಮೊದಲೇ ಹೆಡ್ಮಾಸ್ತರರ ಮೇಜಿನ ಮೇಲೆ ಹಾಳೆ ಬಿಚ್ಚಿಟ್ಟಳು.

"ಇದು ನಾ ಬರ್ಸಿದ್ದಲ್ರಿ. ನಾ ಕೆಲಸ ಬಿಡಂಗಿಲ್ರಿ."

ಬಸವಂತ್ರಾಯರು ಎರಡು ಸಲ ಓದಿದರು. ಕಾಲಿನ ನೋವು ನಿಜವೇ ಎಂದು ಕೇಳಿದರು. ನಿಜ ಎಂದಳು. ಡಬರಿ ಎತ್ತುತ್ತೀಯಾ ಎಂದು ಕೇಳಿದರು. ಇವತ್ತೂ ಎತ್ತುತ್ತೇನೆ, ಬಂದು ನೋಡಿರಿ ಎಂದಳು. ಅವರು ಬಂದು ನೋಡಲಿಲ್ಲ. ಜೂನ್‌ನಲ್ಲಿ ಲಕ್ಷ್ಮಿಯ ಹೆಸರು ತೆಗೆದರು.

ಅದಕ್ಕೂ ಮೊದಲು ಒಂದು ಸಂಜೆ ಲಕ್ಷ್ಮಿ ಬಾಗಿಲಿಗೆ ಬಂದಿದ್ದಳು. ಅತ್ತಿದ್ದ ಕಣ್ಣು. "ಅತ್ತಿ, ಆವತ್ತು ನಿನಗ ನೀರು ಇಟ್ಟು ಹೋಗ್ಬೇಕಂತ ಇದ್ದೆ."

"ಇಟ್ಟಿದ್ದಿಲ್ಲಲ್ಲ," ಎಂದಳು ದುರಗಮ್ಮ. ಒಳಗೆ ಬಾ ಎನ್ನಲಿಲ್ಲ. ಲಕ್ಷ್ಮಿ ಹೋದ ಮೇಲೆ ದುರಗಮ್ಮ ಉಣ್ಣಲು ಕೂತು ಅರ್ಧ ರೊಟ್ಟಿಗೇ ತಟ್ಟೆ ಸರಿಸಿದಳು. ಆದರೂ ಎದ್ದು ಹೋಗಿ ಕರೆಯಬೇಕು ಎನಿಸಲಿಲ್ಲ.

ಈಗ ಆ ಕೋಣೆಯಲ್ಲಿ ಇಬ್ಬರೇ. ಭೀಮಮ್ಮ ಉಪ್ಪು ಹಾಕಿದೆ ಎಂದು ಹೇಳುವುದಿಲ್ಲ, ದುರಗಮ್ಮ ಕೇಳುವುದಿಲ್ಲ. ಎರಡು ಸಲ ಉಪ್ಪಾಗಿ ಸಾರು ಚೆಲ್ಲಿದ್ದೂ ಇದೆ. ಮಧ್ಯಾಹ್ನ ಮಕ್ಕಳು ಎರಡು ಸಾಲಾಗಿ ತಟ್ಟೆ ಹಿಡಿದು ಬರುತ್ತಾರೆ. ಲಕ್ಷ್ಮಿಯ ಮಗಳು ಜ್ಯೋತಿ ಮೂರನೇ ತರಗತಿ. ದುರಗಮ್ಮನ ಸಾಲು ಎಷ್ಟೇ ಚಿಕ್ಕದಿರಲಿ, ಆ ಹುಡುಗಿ ಬಿಸಿಲಲ್ಲಿ ನಿಂತು ಭೀಮಮ್ಮನ ಸಾಲಿನಲ್ಲೇ ಅನ್ನ ಹಾಕಿಸಿಕೊಳ್ಳುತ್ತಾಳೆ.