ಶುಂಠಿಯ ಕಣ್ಣು

ಮಂಜುಳಾ, ಹೊನ್ನಾಳಿಯ ಆ ಸಾಮಾನ್ಯ ಜ್ಞಾನ ಸ್ಪರ್ಧೆಯಲ್ಲಿ ನೀನು ಹೇಳಿದ ಉತ್ತರವೇ ಸರಿಯಾಗಿತ್ತು. ತಪ್ಪು ನನ್ನದು. ಅದು ಆಮೇಲೆಂದೋ ತಿಳಿದದ್ದಲ್ಲ — ಅಲ್ಲೇ, ವೇದಿಕೆಯ ಮೇಲೇ, ನೀನಿನ್ನೂ ಎದ್ದು ನಿಂತಿದ್ದಾಗಲೇ ತಿಳಿದಿತ್ತು. ತಿಳಿದೂ ಬಾಯಿ ಮುಚ್ಚಿಕೊಂಡೆ.

ಹನ್ನೆರಡು ವರ್ಷ ಆಯಿತು. ನೀನಾಗ ಸವಳಂಗದಲ್ಲಿ ಏಳನೇ ತರಗತಿ. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ತಾಲ್ಲೂಕಿನ ಸ್ಪರ್ಧೆ ಎಂದರೆ ಪ್ರಶ್ನೆ ಕೇಳಲು ನನ್ನನ್ನೇ ಕರೆಯುತ್ತಿದ್ದರು. ರೆಕ್ಸಿನ್ ಹೊದಿಕೆಯ ನನ್ನ ನೋಟ್‌ಬುಕ್ ನಿನಗೆ ನೆನಪಿರಬಹುದು. ಪೇಪರು, ಪಂಚಾಂಗ, ಕ್ಯಾಲೆಂಡರಿನ ಬೆನ್ನು — ಎಲ್ಲಿ ಏನು ಕಂಡರೂ ಅದರಲ್ಲಿ ಗೀಚಿಕೊಳ್ಳುತ್ತಿದ್ದೆ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಇದ್ದದ್ದೇ ಉತ್ತರ, ಅದರ ಮೇಲೆ ಅಪೀಲಿಲ್ಲ — ಇದು ನಮ್ಮ ಕಡೆಯ ಪದ್ಧತಿ. ಆ ಪದ್ಧತಿ ನನಗೆ ಬಹಳ ರುಚಿಸಿತ್ತು. ಆಗಿನ್ನೂ ನಮ್ಮ ಕಡೆಗೆ ಬಂದಿರದ ಟಿ.ವಿ. ಎಂಬುದನ್ನು ನಾನೇ ಕಣ್ಣಾರೆ ಕಂಡಿರಲಿಲ್ಲ, ಆದರೂ ಅದರ ಮೇಲೆ ಐದು ಪ್ರಶ್ನೆ ಇಟ್ಟುಕೊಂಡಿದ್ದೆ. ಎಂಥ ಧಿಮಾಕು ನೋಡು!

ಸ್ಪರ್ಧೆಗೆ ಮುಂಚೆ ನಿಮ್ಮವ್ವ ಬಾಗಿಲಲ್ಲಿ ನನ್ನನ್ನು ತಡೆದಿದ್ದರು. ಇದು ನಿನಗೆ ಗೊತ್ತಿಲ್ಲ.

"ಸಾರ್, ಇವತ್ತು ಗೆದ್ರೆ ಹೈಸ್ಕೂಲಿಗೆ ಹಾಕ್ತೀನಿ ಅಂದಾರೆ ಇವ್ರಪ್ಪ. ಇಲ್ಲಾಂದ್ರೆ ನನ್ನ ಜತೆ ಕೂಲಿಗೆ ಬರಾಕೇ ಬೇಕು ಇದು."

"ನೋಡಾಣ ಬಿಡಮ್ಮ" ಎಂದು ಒಳಗೆ ಬಂದೆ. ಹಾಗಾಗಿ, ಏನು ಪಣಕ್ಕಿತ್ತೆಂದು ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ನೀನು ಚೆನ್ನಾಗಿ ಆಡಿದೆ. ಕದಂಬರ ರಾಜಧಾನಿ ಹೇಳಿದೆ. ಭಾಮಿನಿ ಷಟ್ಪದಿಯ ಮೂರನೇ ಸಾಲಿಗೆ ಎಷ್ಟು ಮಾತ್ರೆ ಎಂದರೆ ಬೆರಳು ಮಡಚದೆ ಇಪ್ಪತ್ಮೂರು ಎಂದೆ. ಟಿ.ವಿ. ಪ್ರಶ್ನೆಗೆ ಮಾತ್ರ ಎಲ್ಲರಂತೆ ಪಿಳಿಪಿಳಿ ನೋಡಿದೆ. ಕೊನೆಗೆ ಉಳಿದವರು ನೀನು ಮತ್ತು ಊರಿನ ಡಾಕ್ಟರ ಮಗ, ಇಬ್ಬರೂ ಸಮಸಮ. ಉಳಿದದ್ದು ಆಹಾರದ ಒಂದೇ ಪ್ರಶ್ನೆ, ಅದು ನಿನ್ನ ಪಾಲಿಗೆ ಬಂತು. ಶುಂಠಿ ಗಿಡದ ಯಾವ ಭಾಗವನ್ನು ನಾವು ತಿನ್ನುತ್ತೇವೆ?

"ಕಾಂಡ ಸಾರ್."

ನನ್ನ ನೋಟ್‌ಬುಕ್ಕಿನಲ್ಲಿ 'ಬೇರು' ಎಂದಿತ್ತು. ಎಲ್ಲಿಂದ ಬರೆದುಕೊಂಡೆ? ಎಲ್ಲಿಂದಲೂ ಅಲ್ಲ. ಮಣ್ಣಿನೊಳಗೆ ಇರುವುದೆಲ್ಲ ಬೇರು ಎಂದು ನಾನೇ ಅಂದುಕೊಂಡು ಬರೆದದ್ದು. ಜೀವಮಾನದಲ್ಲಿ ಒಂದು ತುಂಡು ಶುಂಠಿ ನೆಟ್ಟವನಲ್ಲ ನಾನು.

ತಪ್ಪು ಎಂದೆ. ನೀನು ಕೂರಲಿಲ್ಲ.

"ಅಲ್ಲ ಸಾರ್, ಬೇರಿಗೆ ಕಣ್ಣಿರಲ್ಲ, ಶುಂಠಿಗೆ ಐತೆ. ನಮ್ಮವ್ವ ನಾಟಿ ಮಾಡಾಕೆ ಕಣ್ಣು ನೋಡೇ ಮುರೀತಾಳೆ. ಕಣ್ಣಿಲ್ಲದ ತುಂಡು ಮೊಳೆಯಂಗೇ ಇಲ್ಲ."

"ಕೂಲಿ ಪಾಠ ಹೊಲದಾಗೇ ಇರ್ಲಮ್ಮ. ಇಲ್ಲಿ ಪುಸ್ತಕದ ಪಾಠ ಹೇಳು."

ಸಭೆ ಗೊಳ್ಳೆಂದು ನಕ್ಕಿತು. ನಗಿಸಿದೆನೆಂದು ನನಗೆ ಒಂದು ಕ್ಷಣ ಖುಷಿಯೇ ಆಯಿತು — ಹೌದು, ಖುಷಿ, ಈಗ ಮುಚ್ಚಿಟ್ಟು ಏನು ಮಾಡಲಿ. ಹಿಂದಿನ ಬೆಂಚಿನಲ್ಲಿ ನಿಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತಿದ್ದ ವಿಜ್ಞಾನದ ಮೇಷ್ಟ್ರು ಒಂದು ಚೀಟಿ ನನ್ನತ್ತ ಸರಿಸಿದರು. 'ಸಾರ್, ಹುಡುಗಿ ಹೇಳಿದ್ದು ಸರಿ. ಶುಂಠಿ ಕಾಂಡವೇ.'

ಓದಿದೆ. ಮಡಚಿದೆ. ಜೇಬಿಗೆ ಹಾಕಿಕೊಂಡೆ.

ತಿದ್ದಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು? 'ತಪ್ಪಾಯಿತು, ಹುಡುಗಿಯದೇ ಸರಿ' — ಅಷ್ಟೇ. ಆದರೆ ಆಗತಾನೆ ಅಷ್ಟು ಜನರನ್ನು ನಗಿಸಿದ್ದೆ. ತಿರುಗಿ ಹೇಳಿದರೆ ಆ ನಗು ನನ್ನ ಮೇಲೆ ಬೀಳುತ್ತಿತ್ತು. ಇನ್ನೂ ಒಂದು ಮಾತಿದೆ, ಬರೆಯಲು ಕೈ ಬರುತ್ತಿಲ್ಲ. ಅದೇ ಉತ್ತರವನ್ನು ಡಾಕ್ಟರ ಮಗ ಹೇಳಿದ್ದರೆ ನಾನು ನಗಿಸುತ್ತಿದ್ದೆನೇ? ಇಲ್ಲ. ಒಮ್ಮೆ ನೋಟ್‌ಬುಕ್ಕನ್ನೇ ಅನುಮಾನಿಸುತ್ತಿದ್ದೆ. ಕೂಲಿಯವರ ಮಗಳು ನನಗೆ ಎದುರಾಡಿದಳು ಎಂಬುದೇ ನನ್ನ ಸಿಟ್ಟಾಗಿತ್ತು.

ಬಹುಮಾನ ಡಾಕ್ಟರ ಮಗನಿಗೆ ಹೋಯಿತು. ಆಮೇಲೆ ನೀನು ನಮ್ಮ ಹೈಸ್ಕೂಲಿಗೆ ಬರಲಿಲ್ಲ. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕ ನೋಡಿದೆ, ನಿನ್ನ ಹೆಸರಿರಲಿಲ್ಲ. ಸವಳಂಗ ಎಷ್ಟು ದೂರ? ಬಸ್ಸು ಹತ್ತಿದರೆ ಬಂದೇಬಿಡುವ ಊರು. ಹತ್ತಲಿಲ್ಲ.

ಹೋದ ತಿಂಗಳು ಜಗಳೂರಿನ ಪಕ್ಕದ ನಿಮ್ಮ ಹಳ್ಳಿಗೆ ಗೃಹಪ್ರವೇಶದ ಊಟಕ್ಕೆ ಬಂದವನು ನಿನ್ನ ಕಣ್ಣಿಗೆ ಬಿದ್ದೆ. ನಾನು ನಿನ್ನನ್ನು ಗುರುತಿಸಲೇ ಇಲ್ಲ. ನೀನೇ ಓಡಿ ಬಂದು ಕಾಲು ಮುಟ್ಟಿದೆ. ಆ ಊರಿಗೆ ಮದುವೆಯಾಗಿ ಬಂದದ್ದು, ಅಂಗನವಾಡಿ ಟೀಚರ್ ಆಗಿರುವುದು, ಸಂಜೆ ಶಾಲೆ ಮಕ್ಕಳಿಗೂ ಜಗಲಿಯ ಮೇಲೆ ಪಾಠ ಹೇಳುವುದು — ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಸಂಜೆ ಪಾಠದ ಹೊತ್ತಿಗೆ ಮನೆಗೆ ಕರೆದೊಯ್ದು ಜಗಲಿಯ ಗೋಡೆಯ ಮೇಲೆ ನೀನೇ ಬರೆದ ಚಿತ್ರ ತೋರಿಸಿದೆ: ಮೂಲಂಗಿ, ಗಜ್ಜರಿ, ಅವುಗಳ ಪಕ್ಕ ಶುಂಠಿ. ಮೇಲೆ ದಪ್ಪಕ್ಷರದಲ್ಲಿ 'ಬೇರುಗಳು'.

"ನಾನು ತಪ್ಪು ಹೇಳಿ ಎಲ್ರ ಮುಂದೆ ನಗಿಸ್ಕೊಂಡಿದ್ದೆ ಸಾರ್. ನೀವು ತಿದ್ದಿದ್ರಿ, ಇನ್ನೂ ಮರ್ತಿಲ್ಲ. ನನ್ನ ಮಕ್ಕಳು ಯಾರೂ ತಪ್ಪು ಹೇಳಲ್ಲ, ಬೇಕಾದ್ರೆ ಕೇಳ್ರಿ."

ನಾನು ಕೇಳಲಿಲ್ಲ. ನೀನೇ ಕೇಳಿದೆ. "ಬೇರು ಸಾರ್!" ಎಂದು ಜಗಲಿಯಿಡೀ ಕೂಗಿತು. ನೀನು ಹೆಮ್ಮೆಯಿಂದ ನನ್ನ ಮುಖ ನೋಡಿದೆ. ನಿಮ್ಮವ್ವ ಕೈಯಲ್ಲಿ ಕಲಿಸಿದ್ದನ್ನು ಸುಳ್ಳೆಂದು ನಂಬಿ, ನನ್ನ ಸುಳ್ಳನ್ನು ಇಷ್ಟು ವರ್ಷ ಜೋಪಾನ ಮಾಡಿದ್ದೀಯ — ನಾನು ಏನೆಂದೆ ಗೊತ್ತೇ?

"ಭೇಷ್" ಎಂದೆ.

ಮೊದಲ ಸಲ ಸಭೆಗೆ ಹೆದರಿದೆ. ಈ ಸಲ ಎದುರಿಗಿದ್ದದ್ದು ಪುಟ್ಟ ಮಕ್ಕಳು. ಅವರಿಗೂ ಹೆದರಿದೆ.

ಮನೆಗೆ ಬಂದು ಸಂತೆಯಿಂದ ಶುಂಠಿ ತಂದು ಹಸಿ ಮಣ್ಣಿನಲ್ಲಿ ಇಟ್ಟೆ. ನಿನ್ನೆ ಕಣ್ಣು ಒಡೆದಿದೆ, ಹಸಿರು ಮೊಳಕೆ ಕಾಣುತ್ತಿದೆ. ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ಅದನ್ನು ತೆಗೆದುಕೊಂಡು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ನಿಮ್ಮೂರಿಗೆ ಬರುತ್ತೇನೆ. ಹೈಸ್ಕೂಲನ್ನು ತಂದುಕೊಡಲಾರೆ. ಕ್ಷಮೆ ಕೇಳುವ ಮುಖವೂ ನನಗಿಲ್ಲ. ನೀನು ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸು, ಸಾಧ್ಯವಾದರೆ ನಿಮ್ಮವ್ವನನ್ನೂ ಕರೆಸು. ಅದೇ ಪ್ರಶ್ನೆಯನ್ನು ನನಗೆ ಕೇಳು. ನಾನು ಎದ್ದು ನಿಂತು ಉತ್ತರ ಹೇಳುತ್ತೇನೆ. ಯಾರ ಉತ್ತರ ಅದು, ಅದನ್ನು ನಾನು ಏನು ಮಾಡಿದೆ, ಅದನ್ನೂ ಹೇಳುತ್ತೇನೆ. ಮಕ್ಕಳು ನಕ್ಕರೆ ತಡೆಯಬೇಡ.