ನನ್ನ ಕುದುರೆಯ ಗೊರಸು

ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಅದರಲ್ಲಿ ನನ್ನ ಕುದುರೆಗಳಿದ್ದವು. ಅತ್ತೆಗೆ ಅಲ್ಲಿ ತಮ್ಮ ಹಿತ್ತಾಳೆ ಡಬ್ಬಿಗಳನ್ನು ಇಡಬೇಕಿತ್ತು. ಓಣಿಗೆಲ್ಲ ಗೊತ್ತಿದ್ದ ಜಗಳ ಇದು.

ನಲವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ನನ್ನದು. ಗೇಣುದ್ದದ ಪ್ಲಾಸ್ಟಿಕ್ ಕುದುರೆ ತಂದು, ಅದರ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯುತ್ತೇನೆ. ಕುದಿಯುವ ನೀರಿನಲ್ಲಿ ಅದ್ದಿ ಕತ್ತು ಬಾಗಿಸುತ್ತೇನೆ, ಬೇಕೆನಿಸಿದರೆ ಕಾಲು ಕೊಯ್ದು ಬೇರೆ ಥರ ಕೂಡಿಸುತ್ತೇನೆ. ಆಮೇಲೆ ತೆಳ್ಳಗೆ, ಒಂದರ ಮೇಲೊಂದು ಹೊಸ ಬಣ್ಣ. ಲೋಕದ ತುಂಬ ಇಂಥ ಹುಚ್ಚರಿದ್ದಾರೆಂದು ಫೋನಿನಲ್ಲಿ ನೋಡಿದ ದಿನ ಬಳಗ ಸಿಕ್ಕಷ್ಟು ಖುಷಿಪಟ್ಟಿದ್ದೆ. ಅತ್ತೆಗೆ ಮಾತ್ರ ಅದು ಮಕ್ಕಳಾಟ.

ಒಂದು ದಿನ ಅವರೇ ಪಂಥ ಕಟ್ಟಿದರು. “ಗಜೇಂದ್ರಗಡದ ಅಜ್ಜಗ ತೋರಸೂಣು. ಅಂವ ಇದನ್ನ ಕುದುರಿ ಅಂದ್ರ ಕಪಾಟ ನಿಂದು. ಇಲ್ಲಂದ್ರ ಮರುದಿನಾನ ಖಾಲಿ ಮಾಡ.”

ಆ ಅಜ್ಜ ಮದುಮಗನ ಮೆರವಣಿಗೆಗೆ ಕುದುರೆ ಕೊಡುತ್ತಲೇ ಮುಪ್ಪಾದವರು. ನನ್ನ ಗಂಡ ಮದುವೆಯ ದಿನ ಕೂತದ್ದೂ ಅವರ ಕುದುರೆಯ ಮೇಲೆಯೇ. ಸಿಟ್ಟಿನಲ್ಲಿ ಹೂಂ ಅಂದುಬಿಟ್ಟೆ.

ತಿಂಗಳಿಡೀ ಒಂದೇ ಕುದುರೆಗೆ ಕೂತೆ. ಕೆಂಗಂದು ಮೈ, ಕಪ್ಪು ಜೂಲು, ಮುಂಗಾಲೊಂದು ಎತ್ತಿದ ಹಾಗೆ. ಕಾರ್ಖಾನೆಯ ಗೊರಸುಗಳು ಬರೀ ಉಂಡೆಗಳಾಗಿದ್ದವು. ನಾಲ್ಕನ್ನೂ ಕತ್ತರಿಸಿ, ಪೈಪು ಸೋರಿದರೆ ಮೆತ್ತುವ ಪುಟ್ಟಿಯಿಂದ ಹೊಸದಾಗಿ ಮಾಡಿದೆ. ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ರೋಣದಲ್ಲಿ ಬಸ್ಸು ಬದಲಿಸಿ ಅತ್ತೆ ಸೊಸೆ ಗಜೇಂದ್ರಗಡ ಮುಟ್ಟಿದೆವು.

ಅಜ್ಜ ಕುದುರೆಯನ್ನು ಬೋರಲು ಹಿಡಿದು ನೋಡಿ ಹೊಟ್ಟೆ ಕುಣಿಯುವಂತೆ ನಕ್ಕರು. “ಮೈ ಕುದುರೀದ ಐತ್ರೀ. ಕಾಲ್ ಎತ್ತಿಂದು!”

ನಾಲ್ಕೂ ಗೊರಸು ನಡುವೆ ಸೀಳಿದ್ದವು. ನನ್ನ ತವರು ಜಕ್ಕಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಅರ್ಧ ಓಣಿಗೆ ಎತ್ತು ಮಾಡಿಕೊಡುತ್ತಿದ್ದವಳು ನಾನು. ಗೊರಸು ತೀಡಿದ ಮೇಲೆ ಕಸಬರಿಗೆ ಕಡ್ಡಿಯಿಂದ ನಡುವೆ ಒಂದು ಗೀರು ಎಳೆಯುವುದು ಕೈಗೆ ಅಂಟಿದ ಚಾಳಿ. ಪುಟ್ಟಿಯ ಮೇಲೂ ಕೈ ಅದನ್ನೇ ಮಾಡಿತ್ತು, ನನಗೆ ಖಬರೇ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ವಾಪಸು ಬರುವಾಗ ಅತ್ತೆ ಬಸ್ಸಿನಲ್ಲಿದ್ದವರಿಗೆಲ್ಲ ಸಾರಿದರು: “ನಮ್ಮ ಸೊಸಿ ರಂಟಿ ಹೂಡಿ ಹೊಲಾ ಉಳೋ ಕುದುರಿ ಮಾಡ್ಯಾಳ್ರೀ!” ನನಗೆ ಅಳುವೇ ಬಂತು. ಮನೆಗೆ ಬಂದು ಅವರು ಡಬ್ಬಿ ತೊಳೆಯಲು ಕೂತಾಗ ಕೈ ಹಿಡಿದುಕೊಂಡೆ. “ಇನ್ನೊಂದ ಸಲ, ಅತ್ತಿ. ಒಂದ ಸಲ.”

“ಆಗಲೇಳ. ನನಗೂ ಇನ್ನೊಮ್ಮೆ ನಗಾಕ ಸಿಗತೈತಿ” ಅಂದರು.

ಆ ವಾರ ನಮ್ಮ ಓಣಿಯಲ್ಲೇ ಮದುವೆಯ ಮೆರವಣಿಗೆ ಬಂತು. ಎಲ್ಲರೂ ಮದುಮಗನನ್ನು ನೋಡುತ್ತಿದ್ದರೆ ನಾನು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕುದುರೆಯ ಕಾಲು ನೋಡುತ್ತಿದ್ದೆ. ನನ್ನ ಗಂಡ ಗುರುತಿಲ್ಲದವರಂತೆ ದೂರ ಹೋಗಿ ನಿಂತರು. ನಿಲ್ಲಲಿ ಬಿಡಿ! ಗೊರಸಿನ ಇಳಿಜಾರು, ಅದರ ಮೇಲಿನ ಅಡ್ಡ ಗೆರೆಗಳು, ಅಡಿಗೆ ಹೊಡೆದ ಕಬ್ಬಿಣದ ನಾಲು, ಅದರ ಮೊಳೆ ಎಲ್ಲವನ್ನೂ ಕಣ್ಣಿಗೆ ತುಂಬಿಕೊಂಡೆ. ಸೀಳು ಮುಚ್ಚಿ, ಉಜ್ಜಿ, ಹಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ನಾಲು ಹೊಡೆದೆ. ಮಾಡುವಾಗೆಲ್ಲ ಬಲಗೈಯನ್ನು ಕಳ್ಳನ ಕೈಯಂತೆ ಕಾಯುತ್ತಿದ್ದೆ.

ಎರಡನೆಯ ಸಲ ಅಜ್ಜ ನಗಲಿಲ್ಲ. ಎತ್ತಿದ ಮುಂಗಾಲನ್ನು ಎರಡು ಬೆರಳಲ್ಲಿ ಹಿಡಿದು ನಾಲು ನೋಡಿದರು. ಕಿವಿ ನೋಡಿದರು. ಹಣೆಯ ಮೇಲೆ ನಾನು ಬರೆದಿದ್ದ ಸುಳಿ ನೋಡಿದರು. ಕುದುರೆಯನ್ನು ಕಟ್ಟೆಯ ಅಂಚಿಗೆ ನಿಲ್ಲಿಸಿ ನೋಡುತ್ತಲೇ ಇದ್ದರು.

ಅತ್ತೆಗೆ ತಡೆಯಲಾಗಲಿಲ್ಲ. ಏನಾದರೂ ಖೋಡಿ ಸಿಕ್ಕೀತೆಂದು ಸುತ್ತು ಬಳಸಿ ಬಂದು, ಬಾಲದ ಹಿಂದೆ ಬಗ್ಗಿದರು.

“ಅಕ್ಕಾರ, ಹಿಂದ ನಿಂದ್ರಬ್ಯಾಡ್ರೀ, ಒದೀತೈತಿ!” ಅಜ್ಜ ಕೂಗಿದರು. ಅವರ ಒಂದು ಕೈ ಆಗಲೇ ನನ್ನ ಗೇಣುದ್ದದ ಕುದುರೆಯ ಕತ್ತು ಹಿಡಿದಿತ್ತು.

ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಎರಡು ಹೆಜ್ಜೆ ಆಚೆ ಜಿಗಿದರು.