ಇಪ್ಪತ್ತೆರಡರ ಅಚ್ಚು

ಹದಿನೆಂಟು ಕ್ಯಾರೆಟ್ಟಿನ ಒಂದು ಉಂಗುರದ ಒಳಮೈಗೆ ಇಪ್ಪತ್ತೆರಡು ಎಂದು ಅಂಕಿ ಹೊಡೆದು ಮಾರಲಾಯಿತು. ಕೊಂಡವರು ಆಸ್ಪತ್ರೆಯ ಒಬ್ಬ ಆಯಾ. ಆರು ತಿಂಗಳ ಮೇಲೆ ಮೋಸ ಬಯಲಾದಾಗ ಅಂಗಡಿಯವರು ಉಂಗುರ ಮಾಡಿದ ಕೆಲಸಗಾರನನ್ನು ಕರೆಸಿ, ಗಿರಾಕಿಗಳ ಎದುರು ನಿಲ್ಲಿಸಿ, ಕ್ಷಮೆ ಕೇಳಿಸಿದರು. ಆ ಚಿನ್ನವನ್ನು ಕರಗಿಸಿ, ಗಟ್ಟಿ ಮಾಡಿ ಆತನ ಕೈಗೆ ಕೊಟ್ಟದ್ದು ಅಂಗಡಿಯೇ.

ಈಗ ಬೆಳಗಿನ ಐದೂವರೆ. ಆ ಕೆಲಸಗಾರ ಒಂದು ಮಂಡಿ ಮಡಚಿ, ಒಂದು ಮಂಡಿ ಎತ್ತಿ, ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾರೆ. ಬಾಯಲ್ಲಿ ಊದುಗೊಳವೆ. ಕೆನ್ನೆ ಉಬ್ಬುತ್ತದೆ, ಇಳಿಯುತ್ತದೆ. ಜ್ವಾಲೆಯ ತುದಿ ಸೂಜಿಯಷ್ಟು ಸಣ್ಣಗಾಗಿ, ಬಗ್ಗಿಸಿದ ತಂತಿಯ ಎರಡು ತುದಿ ಸೇರುವ ಕಡೆಗೆ ಹೋಗಿ ಮುಟ್ಟುತ್ತದೆ. ಬೆಸುಗೆ ಕರಗಿ ಹರಿಯುವುದು ಒಂದು ಕ್ಷಣ. ಆ ಕ್ಷಣ ತಪ್ಪಿದರೆ ಉಂಗುರವೇ ಕರಗಿ ಮುದ್ದೆಯಾಗುತ್ತದೆ. ಅವರು ಊದುವುದನ್ನು ನಿಲ್ಲಿಸಿ, ಚಿಮಟದಲ್ಲಿ ಉಂಗುರ ಹಿಡಿದು ನೀರಿಗೆ ಅದ್ದುತ್ತಾರೆ. ಚುಂಯ್ ಎಂಬ ಸದ್ದು. "ಕೂತ್ಕೊಳ್ತು," ಎನ್ನುತ್ತಾರೆ, ಮಗುವನ್ನು ಮಲಗಿಸಿ ಬಂದವರ ದನಿಯಲ್ಲಿ.

ಬೀದಿಯಲ್ಲಿ ಅವರಿಗೆ ಉಂಗುರದಣ್ಣ ಎಂದು ಹೆಸರು. ವಯಸ್ಸು ಅರವತ್ತೊಂದು. ಈ ಕೆಲಸಕ್ಕೆ ಕೂತು ನಲವತ್ತಮೂರು ವರ್ಷ. ಅಂಗಡಿಯ ಹಿಂಭಾಗದಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಅವರ ಕೋಣೆ: ಹತ್ತಡಿ ಉದ್ದ, ಎಂಟಡಿ ಅಗಲ, ಒಂದು ಕಿಟಕಿ. ಫ್ಯಾನ್ ಇದೆ, ಹಾಕುವಂತಿಲ್ಲ; ಅರ ಉಜ್ಜಿದ ಚಿನ್ನದ ಪುಡಿ ಹಾರುತ್ತದೆ. ಮೋಟು ಮೇಜಿನ ಅಂಚಿಗೆ ತೊಗಲು ಕಟ್ಟಿ, ತೊಡೆಯ ಮೇಲೆ ಹರವಿಕೊಂಡಿದ್ದಾರೆ. ಉದುರಿದ ಪುಡಿಯೆಲ್ಲ ಅದಕ್ಕೇ ಬೀಳಬೇಕು. ಕೈ ತೊಳೆದ ನೀರನ್ನೂ ಇಲ್ಲಿ ಚೆಲ್ಲುವುದಿಲ್ಲ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಳದ ಕೆಸರನ್ನು ಅಂಗಡಿಗೆ ಕೊಡಬೇಕು. ಸಂಜೆ ಮನೆಗೆ ಹೊರಡುವ ಮುಂಚೆ ಅವರೂ, ಜೊತೆಗೆ ಕೂತು ಮೆರುಗು ಹಾಕುವ ಹೆಂಡತಿಯೂ ಬಾಗಿಲ ಬಳಿ ನಿಂತು ಬಟ್ಟೆ ಕೊಡವುತ್ತಾರೆ.

"ನಮ್ಮ ಬೆವರು ಬಿಟ್ರೆ ಮಿಕ್ಕಿದ್ದೆಲ್ಲ ಅವ್ರದ್ದೇ," ಎನ್ನುತ್ತಾರೆ ಹೆಂಡತಿ. "ಬೆವರನ್ನೂ ಸೋಸಿ ನೋಡ್ತಾರೇನೋ, ಯಾರಿಗೆ ಗೊತ್ತು."

ಒಂದು ಉಂಗುರಕ್ಕೆ ಆರು ಗಂಟೆ. ಕರಗಿಸಿ, ಬಡಿದು, ತೂತುಗಳಿರುವ ಉಕ್ಕಿನ ಫಲಕದಲ್ಲಿ ತಂತಿ ಎಳೆದು, ಕಾಯಿಸಿ, ಮತ್ತೆ ಎಳೆದು, ಬಗ್ಗಿಸಿ, ಬೆಸೆದು, ಅರ ಹಾಕಿ, ಮೆರುಗು ಕೊಟ್ಟರೆ ಒಂದು. ದಿನಕ್ಕೆ ಎರಡಾದರೆ ಹಬ್ಬ. ಊರಾಚೆಯ ಕಾರ್ಖಾನೆಯಲ್ಲಿ ಯಂತ್ರ ಅಷ್ಟೇ ಹೊತ್ತಿನಲ್ಲಿ ಮುನ್ನೂರು ಉಂಗುರ ಉಗುಳುತ್ತದೆ. ಈ ಅಂಗಡಿಗೆ ಕೆಲಸ ಮಾಡುತ್ತಿದ್ದ ಹನ್ನೊಂದು ಜನ ಕೈಕೆಲಸಗಾರರಲ್ಲಿ ಉಳಿದಿರುವವರು ಇವರೊಬ್ಬರೇ. ಅಂಗಡಿಯ ಬೋರ್ಡಿನಲ್ಲಿ ಮಾತ್ರ 'ಪರಿಣತ ಕೈಗಳ ಕುಸುರಿ' ಎಂದು ಇನ್ನೂ ಬಹುವಚನದಲ್ಲಿದೆ.

ಹಿಂದೆ ಗಿರಾಕಿಗಳು ಮೆಟ್ಟಿಲು ಹತ್ತಿ ಇಲ್ಲಿಗೇ ಬರುತ್ತಿದ್ದರು. ಯಾವ ಚಿನ್ನ ಬೇಕೆಂದು ಉಂಗುರದಣ್ಣ ಅವರನ್ನು ಕೇಳುತ್ತಿರಲಿಲ್ಲ. "ಕೈ ತೋರ್ಸಿ" ಎನ್ನುತ್ತಿದ್ದರು. ಅಂಗೈ ತಿರುಗಿಸಿ ನೋಡಿ, ಗೆಣ್ಣು ಒತ್ತಿ ನೋಡಿ, ಆಮೇಲೆ ಹೇಳುತ್ತಿದ್ದರು.

"ಇಪ್ಪತ್ನಾಲ್ಕು ಅಪ್ಪಟ. ಆದ್ರೆ ಅದು ಬೆಣ್ಣೆ ಥರ, ಉಂಗುರಕ್ಕಾಗಲ್ಲ. ಪೆಟ್ಟಿಗೇಲಿ ಮಲಗಿಸೋಕೆ ಸರಿ. ಇಪ್ಪತ್ತೆರಡು ಮೆತ್ತಗೆ, ಬಣ್ಣ ಚೆಂದ, ಮಾರಕ್ಕೆ ಹೋದ್ರೆ ಬೆಲೆ ಜಾಸ್ತಿ. ಕೈಗೆ ಹೆಚ್ಚು ಕೆಲಸ ಇಲ್ದೋರು ಹಾಕ್ಕೋಬಹುದು. ಬಟ್ಟೆ ಒಗೆಯೋ ಕೈ, ಇಟ್ಟಿಗೆ ಎತ್ತೋ ಕೈ, ಹರಳು ಬೇರೆ ಕೂರಿಸ್ಬೇಕು ಅಂದ್ರೆ ಹದಿನೆಂಟೇ ಸರಿ. ತಾಮ್ರ, ಬೆಳ್ಳಿ ಸೇರಿದಷ್ಟೂ ಗಟ್ಟಿ. ಹರಳು ಹಿಡ್ಕೊಂಡಿರೋ ಉಗುರು ಬಗ್ಗಲ್ಲ. ಜನ ಜಾಸ್ತಿ ಅಂಕಿ ಇದ್ರೆ ಜಾಸ್ತಿ ಒಳ್ಳೇದು ಅನ್ಕೋತಾರೆ. ಚಪ್ಪಲಿ ತಗೊಳ್ಳೋವಾಗ ದೊಡ್ಡ ನಂಬರ್ ಕೇಳ್ತಾರಾ?"

ಆಯಾ ಬಂದಾಗಲೂ ಕೈ ನೋಡಿದ್ದರು. ಫಿನೈಲಿನಿಂದ ಬಿಳಿಚಿದ ಬೆರಳು, ರೋಗಿಗಳನ್ನು ಎತ್ತಿ ಊದಿದ ಗೆಣ್ಣು. "ನಿಮ್ಗೆ ಹದಿನೆಂಟು ಸಾಕಮ್ಮ" ಎಂದರು. ಆಕೆ ಒಪ್ಪಲಿಲ್ಲ. ದುಡಿಯಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲೆ ತನಗೆಂದು ಕೊಳ್ಳುತ್ತಿರುವ ಮೊದಲ ಚಿನ್ನ. ಅದರಲ್ಲೂ ಕಡಿಮೆಯದೇ ಯಾಕೆ ಎಂದರು. ಇಪ್ಪತ್ತೆರಡರದ್ದೇ ಬರೆಸಿ, ಇಪ್ಪತ್ತೆರಡರ ಬೆಲೆ ಕೊಟ್ಟರು. ಅಂಗಡಿಯಿಂದ ಬಂದ ಗಟ್ಟಿ ಮಾತ್ರ ಬೇರೆಯಾಗಿತ್ತು.

ಆ ಮೊದಲ ಗಂಟೆಯಲ್ಲೇ ತಮಗೆ ತಿಳಿದಿತ್ತು ಎಂದು ಉಂಗುರದಣ್ಣ ಹೇಳುತ್ತಾರೆ. ಯಾರೂ ಕೇಳದೆ, ತಾವಾಗಿಯೇ ಹೇಳುತ್ತಾರೆ.

"ತಂತಿ ಎಳೆಯೋವಾಗ್ಲೇ ಮೊಣಕೈ ಹೇಳ್ತು. ಇಪ್ಪತ್ತೆರಡು ಹಿಂಗೆ ಹಟ ಮಾಡಲ್ಲ. ಒರೆಗಲ್ಲು ಇಲ್ಲೇ ಇತ್ತು ನೋಡಿ, ಕೈ ಚಾಚಿದ್ರೆ ಸಿಗತ್ತೆ. ಒಂದ್ಸಲ ಉಜ್ಜಿ ಒಂದು ಹನಿ ದ್ರಾವಕ ಬಿಟ್ಟಿದ್ರೆ ಮುಗೀತಿತ್ತು. ಉಜ್ಜಿದ್ರೆ ಗೊತ್ತಾಗ್ಬಿಡತ್ತೆ ಅಂತಲೇ ಉಜ್ಜಲಿಲ್ಲ. ಗೊತ್ತಾದ್ರೆ ಕೆಳಗೆ ಹೋಗಿ ಕೇಳ್ಬೇಕಾಗ್ತಿತ್ತಲ್ಲ."

ಕಲ್ಲಿನ ಕಡೆಗೆ ನೋಡದೆ ಹೇಳುತ್ತಾರೆ. ನಲವತ್ತಮೂರು ವರ್ಷದಲ್ಲಿ ತಮ್ಮ ಮೊಣಕೈಯ ಮಾತನ್ನು ತಾವೇ ಕೇಳಿಸಿಕೊಳ್ಳದೆ ಹೋದದ್ದು ಅದೊಂದೇ ಸಲವಂತೆ. ಅದಕ್ಕಿಂತ ಹೆಚ್ಚಿನದ್ದು ಇನ್ನೊಂದಿದೆ. ಜ್ವಾಲೆ ನೋಡಿ ನೋಡಿ ಅವರ ಕಣ್ಣು ಮಂಜಾಗಿದೆ. ಸಾಸಿವೆ ಕಾಳಿನಷ್ಟಿರುವ ಅಂಕಿಯನ್ನು ಉಂಗುರದ ಒಳಗೆ ನೆಟ್ಟಗೆ ಕೂರಿಸುವುದು ಅವರಿಂದಾಗುವುದಿಲ್ಲ. ಆರು ವರ್ಷದಿಂದ ಅಚ್ಚು ಹಿಡಿದು ಸುತ್ತಿಗೆ ಹಾಕುವವರು ಹೆಂಡತಿ. ಆವತ್ತೂ ಅವರೇ ಹಾಕಿದ್ದರು, ಏನೂ ತಿಳಿಯದೆ. ಗಂಡ ಎದುರಿಗೇ ಕೂತು ನೋಡುತ್ತಿದ್ದರು.

ಗೆಣ್ಣು ಇನ್ನಷ್ಟು ಊದಿ, ಉಂಗುರ ದೊಡ್ಡದು ಮಾಡಿಸಲು ಆಯಾ ಬೇರೊಂದು ಬೀದಿಯ ಕೆಲಸಗಾರನ ಬಳಿ ಹೋದರು. ಆತ ಒರೆ ಹಚ್ಚಿದ. ಮರುದಿನ ಅಂಗಡಿಯಲ್ಲಿ ಗಲಾಟೆ. ಸಾಹುಕಾರರು ಮೆಟ್ಟಿಲ ಕಡೆ ಬೆರಳು ತೋರಿಸಿದರು. ಬೇರೇನೂ ಬೇಕಾಗಲಿಲ್ಲ; ಮಿಕ್ಕಿದ್ದನ್ನು ಗಾದೆಯೇ ಮಾಡಿ ಮುಗಿಸಿತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲವಂತೆ. ಈ ಗಾದೆಯನ್ನು ಕಟ್ಟಿದವರು ಯಾರು? ಮಾರುವವರು ಕಟ್ಟಿರಬೇಕು, ಕೊಳ್ಳುವವರು ನಂಬಿರಬೇಕು. ಬೆಂಕಿಯ ಮುಂದೆ ಕೂತವನಿಗೆ ಗಾದೆ ಕಟ್ಟಲು ಬಾಯಿ ಬಿಡುವಾಗಿರುವುದಿಲ್ಲ, ಅದರಲ್ಲಿ ಊದುಗೊಳವೆ ಇರುತ್ತದೆ. ಕನ್ನಡಿ ಕಪಾಟಿನ ಹಿಂದೆ ಕೂತ ಸಾಹುಕಾರನ ಮೇಲೆ ನಮ್ಮಲ್ಲಿ ಎಷ್ಟು ಗಾದೆಗಳಿವೆ, ಎಣಿಸಿ ನೋಡಿ.

"ಆಯಮ್ಮ ನನ್ನನ್ನ ಬೈಯಲಿಲ್ಲ," ಎನ್ನುತ್ತಾರೆ ಉಂಗುರದಣ್ಣ. "'ನೀವೇ ಹದಿನೆಂಟು ಸಾಕು ಅಂದ್ರಿ, ನಾನು ಕೇಳ್ಲಿಲ್ಲ ಅಂತ ಹಿಂಗೆ ಮಾಡಿದ್ರಾ' ಅಂದ್ರು. ಅದಕ್ಕಿಂತ ಎರಡು ಬಾರಿಸಿದ್ರೆ ಚೆನ್ನಾಗಿತ್ತು. ಹದಿನೆಂಟು ಕೆಟ್ಟ ಚಿನ್ನ ಅಲ್ಲ ಕಣ್ರೀ. ಹದಿನೆಂಟನ್ನ ಇಪ್ಪತ್ತೆರಡು ಅಂದಿದ್ದು ಕೆಟ್ಟದ್ದು."

ಆಯಾಗೆ ಬೇರೆ ಉಂಗುರ ಸಿಕ್ಕಿತು. ಅಂಗಡಿಗೆ ಮರ್ಯಾದೆ ವಾಪಸ್ ಬಂತು. ಈ ಕೋಣೆಯಲ್ಲಿ ಹೆಂಡತಿ ಹನ್ನೆರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಕೆಲಸ ನಿಲ್ಲಿಸಲಿಲ್ಲ, ಅವರು ಅರ ಹಾಕಿ ಮೇಜಿನ ಮೇಲಿಟ್ಟದ್ದನ್ನು ಇವರು ಎತ್ತಿಕೊಂಡು ಮೆರುಗು ಹಾಕುತ್ತಿದ್ದರು, ಅಷ್ಟೇ.

"ಹದಿಮೂರನೇ ದಿನ ನಾನೇ ಮಾತಾಡಿಸ್ದೆ," ಎನ್ನುತ್ತಾರೆ ಆಕೆ. "ಎಷ್ಟು ದಿನ ಅಂತ ಗೋಡೆಗೆ ಹೇಳೋದು, 'ಊಟ ಆರ್‍ತಿದೆ' ಅಂತ? ಆದ್ರೆ ಕೇಳ್ದೆ: ನಿಮ್ಗೆ ಗೊತ್ತಿದ್ದೂ ನನ್ನ ಕೈಲಿ ಸುಳ್ಳು ಹೊಡೆಸಿದ್ರಲ್ಲ, ಯಾಕೆ? ಇವ್ರು ಅಂದ್ರು, 'ಕೋಣೆ ಹೋಗತ್ತೆ ಕಣೆ'. ಹೋಗ್ಲಿ ಅಂತ ನಾನು ಅನ್ನಲಿಲ್ಲ. ಕೋಣೆ ಹೋದ್ರೆ ಇವ್ರು ಎಲ್ಲಿ ಕೂರ್ತಾರೆ, ಅದೂ ಗೊತ್ತು ನಂಗೆ."

ಆಕೆಯ ಬೆರಳಲ್ಲಿ ಒಂದು ಉಂಗುರವಿದೆ, ಹಳದಿ ಬಣ್ಣದ್ದು. ನೋಡಿದವರ ಕಣ್ಣು ಅಲ್ಲಿಗೆ ಹೋದದ್ದನ್ನು ಆಕೆ ಗಮನಿಸುತ್ತಾರೆ. "ಹಿತ್ತಾಳೆ," ಎನ್ನುತ್ತಾರೆ. "ಹಿತ್ತಾಳೆ ಅಂತ್ಲೇ ಹಾಕ್ಕೊಂಡಿದೀನಿ."

ಉಂಗುರದಣ್ಣನಿಗೆ ಆಸೆಯೇನಾದರೂ ಉಳಿದಿದೆಯೇ? ಇದೆಯಂತೆ. ಅಂಗಡಿಯ ಮುಂಬಾಗಿಲಲ್ಲಿ ಒಳಗೆ ಹೋಗಿ, ಅದೇ ಕೌಂಟರಿನ ಎದುರು ನಿಂತು, ತಾವು ಕೇಳಿದ ಕ್ಷಮೆಯಲ್ಲಿ ಅರ್ಧವನ್ನು ವಾಪಸ್ ಪಡೆಯಬೇಕಂತೆ. "ಅರ್ಧ ಮಾತ್ರ. ಇನ್ನರ್ಧ ನಂದೇ."

ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಂಗಡಿಯ ಮ್ಯಾನೇಜರ್ ಬಾಗಿಲಲ್ಲೇ ನಿಂತು ಒಂದು ಕಾಗದದ ಪೊಟ್ಟಣ ಚಾಚುತ್ತಾನೆ. ಒಳಗೆ ಎಂಟು ಉಂಗುರಗಳು, ಎಲ್ಲವೂ ಯಂತ್ರದವು. ಮೇಲೆ ನಾಲ್ಕು ಸಲ ಅರ ಆಡಿಸಿ ಕೈಕೆಲಸದಂತೆ ಕಾಣಿಸಬೇಕು, ಒಳಗೆ ಇಪ್ಪತ್ತೆರಡು ಹೊಡೆಯಬೇಕು. ಮಧ್ಯಾಹ್ನ ಗಿರಾಕಿ ಬರುತ್ತಾರೆ.

ಉಂಗುರದಣ್ಣ ಒಂದನ್ನು ಎತ್ತಿಕೊಳ್ಳುತ್ತಾರೆ. ಈ ಸಲ ಕೈ ಕಲ್ಲಿನ ಕಡೆ ಹೋಗುತ್ತದೆ. ಕರಿಯ ಕಲ್ಲಿನ ಮೇಲೆ ಹಳದಿ ಗೆರೆ, ಅದರ ಮೇಲೆ ಒಂದು ಹನಿ. ಗೆರೆ ಮಸುಕಾಗುತ್ತದೆ.

"ಸಾರ್, ಇದು ಹದಿನೆಂಟು."

"ಒರೆ ಹಚ್ಚಿ ಅಂತ ನಿಮ್ಗೆ ಯಾರು ಹೇಳಿದ್ದು?" ಮ್ಯಾನೇಜರನ ದನಿಯಲ್ಲಿ ಸಿಟ್ಟೂ ಇಲ್ಲ. "ನೋಡಿ ಅಣ್ಣ, ಕೆಳಗೆ ಗೋಡೌನಿಗೆ ಜಾಗ ಸಾಲ್ತಿಲ್ಲ. ಈ ಕೋಣೆ ಖಾಲಿ ಮಾಡ್ಸಿ ಅಂತ ಸಾಹುಕಾರ್ರು ದಿನಾ ಅಂತಿದಾರೆ. ನಾನೇ ತಡೆದು ಇಟ್ಟಿದೀನಿ. ಎಂಟು ಅಚ್ಚು, ಅರ್ಧ ಗಂಟೆ ಕೆಲಸ."

ಉಂಗುರದಣ್ಣ ಕಿಟಕಿ ನೋಡುತ್ತಾರೆ, ಮೇಜು ನೋಡುತ್ತಾರೆ, ತೊಡೆಯ ಮೇಲಿನ ತೊಗಲನ್ನು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಉಂಗುರವನ್ನು ಹೆಂಡತಿಯ ಮುಂದೆ ಇಡುತ್ತಾರೆ.

"ಹೊಡೆದ್ಬಿಡೆ," ಎನ್ನುತ್ತಾರೆ ಮೆಲ್ಲಗೆ. "ಇದೊಂದ್ಸಲ."

ಆಕೆ ಗಂಡನ ಮುಖವನ್ನು ನೋಡುತ್ತಾರೆ. ಡಬ್ಬಿಯಿಂದ ಅಚ್ಚಿನ ಮೊಳೆಯೊಂದನ್ನು ಹೆಕ್ಕಿ, ತುದಿಯನ್ನು ಬೆಳಕಿಗೆ ಹಿಡಿದು ಅಂಕಿ ಓದುತ್ತಾರೆ. ಸುತ್ತಿಗೆ ತೆಗೆದುಕೊಂಡು ಮ್ಯಾನೇಜರನ ಕಡೆ ತಿರುಗುತ್ತಾರೆ.

"ಹದಿನೆಂಟು ಅಂತಾದ್ರೆ ಈಗ್ಲೇ ಹೊಡೀತೀನಿ, ಎಂಟಕ್ಕೂ. ಇಪ್ಪತ್ತೆರಡು ನಾನು ಹೊಡಿಯಲ್ಲ."